ಬಿಸಿಲು ನಮ್ಮದು, ಪಾಠ ಪೊವಾಯಿಯದು

ಮುಂಬಯಿ ಕನ್ನಡಿಗರ ಓದಿನ ಚರಿತ್ರೆ ಬರೆಯುವವರೆಲ್ಲ ರಾತ್ರಿಶಾಲೆಯಿಂದ ಶುರು ಮಾಡುತ್ತಾರೆ. ಅದು ನ್ಯಾಯವೇ. ಹಗಲಿಡೀ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗರು ರಾತ್ರಿ ಫೋರ್ಟಿನ ಬೆಂಚುಗಳ ಮೇಲೆ ಕೂತು, ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿ, ಮುಂದೆ ಬ್ಯಾಂಕು, ಕೋರ್ಟು, ಕಾರ್ಪೊರೇಶನ್ ಆಫೀಸು ಸೇರಿದ ಕತೆ ಎಷ್ಟು ಸಲ ಹೇಳಿದರೂ ಹಳಸುವುದಿಲ್ಲ. ನಾನು ಬ್ಯಾಂಕಿಗೆ ಸೇರಿದಾಗ ನನ್ನ ಎಡಬಲದ ಕೌಂಟರಿನಲ್ಲಿದ್ದ ಇಬ್ಬರೂ ಅಂಥವರೇ. ಆದರೆ ಇಲ್ಲಿ ಇನ್ನೊಂದು ಓದು ನಡೆದಿದೆ, ನಡೆಯುತ್ತಿದೆ. ಅದು ಹಗಲಿನ ಓದು. ಸೂರ್ಯನನ್ನೇ ಎದುರಿಗಿಟ್ಟುಕೊಂಡು ಮಾಡುವ ಓದು. ಸೋಲಾರ್ ಇಂಜಿನಿಯರಿಂಗ್ ಎಂದು ಈಗ ಎಲ್ಲರ ಬಾಯಲ್ಲಿದೆ. ಅದನ್ನು ಕಲಿಯಲು ನಮ್ಮ ವಿಜಾಪುರ, ರಾಯಚೂರು, ಕಲಬುರ್ಗಿ ಕಡೆಯ ಮಕ್ಕಳು ಈ ಮೋಡದ ಊರಿಗೆ, ಉಪನಗರದ ಪೊವಾಯಿ ಕೆರೆಯ ದಂಡೆಗೆ ಬರುತ್ತಾರೆ. ಊರಿನ ಓದುಗರಿಗೆ ಇದು ವಿಚಿತ್ರ ಅನಿಸಬಹುದು. ಅದಕ್ಕೇ ಇದರ ಪೂರ್ವಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಸ್ವಲ್ಪ ಅಂದರೆ 1878ರಿಂದ. ಆ ಕಾಲದ ಬೊಂಬಾಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ಇಂಜಿನಿಯರ್ ಅಲ್ಲ, ಡೆಪ್ಯುಟಿ ರಿಜಿಸ್ಟ್ರಾರ್. ಕಾಗದಪತ್ರ, ಮೊಹರು, ಸಹಿಯ ನಡುವಿನ ಮನುಷ್ಯ, ಹೆಚ್ಚೂಕಡಿಮೆ ನಮ್ಮಂಥವನೇ. ಫ್ರಾನ್ಸಿನ ಮೂಶೋ ಎಂಬ ಗಣಿತದ ಮೇಷ್ಟ್ರು ಬಿಸಿಲಿನಿಂದ ಉಗಿಯಂತ್ರ ಓಡಿಸಿದ್ದನ್ನು ಓದಿ ಇವನಿಗೆ ಹುಚ್ಚು ಹಿಡಿಯಿತು. ಮೂಶೋ ಬೆಳ್ಳಿ ಲೇಪದ ದೊಡ್ಡ ಬಾಗಿದ ಕನ್ನಡಿ ಬಳಸಿದ್ದ. ಅದು ದುಬಾರಿ, ಬೇಗ ಮಂಕಾಗುತ್ತದೆ, ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಲಾಗುವುದಿಲ್ಲ. ಆಡಮ್ಸ್ ಯೋಚಿಸಿದ್ದು ಬೇರೆ ಥರ. ಒಂದು ದೊಡ್ಡ ಕನ್ನಡಿಯ ಬದಲು ಹಲವಾರು ಸಣ್ಣ ಚಪ್ಪಟೆ ಕನ್ನಡಿ. 17 ಇಂಚು ಉದ್ದ, 10 ಇಂಚು ಅಗಲ. ಅವನ್ನೆಲ್ಲ ಒಂದು ಚೌಕಟ್ಟಿಗೆ ಜೋಡಿಸಿ, ಪ್ರತಿಯೊಂದೂ ಒಂದೇ ಕಡೆ ಬೆಳಕು ಚೆಲ್ಲುವ ಹಾಗೆ ತಿರುಗಿಸುವುದು. ಚೌಕಟ್ಟು ಅರ್ಧವೃತ್ತದ ಹಳಿಯ ಮೇಲೆ ನಿಂತಿರುತ್ತದೆ. ಸೂರ್ಯ ಸರಿದ ಹಾಗೆ ಒಬ್ಬ ಆಳು ದಿನಕ್ಕೆ ಮೂರು ನಾಲ್ಕು ಸಲ ಅದನ್ನು ತಳ್ಳಿದರಾಯಿತು. ಬಾಯ್ಲರ್ ಇದ್ದಲ್ಲೇ ಇರುತ್ತದೆ.

ಒಂದೊಂದೇ ಕನ್ನಡಿ ಸೇರಿಸುತ್ತ, ಶಾಖ ಅಳೆಯುತ್ತ ಹೋಗಿ, 1,200 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲು 72 ಕನ್ನಡಿ ಬೇಕು ಎಂದು ಅವನು ಲೆಕ್ಕ ಹಾಕಿದ. ಇಪ್ಪತ್ತು ಅಡಿ ದೂರದಲ್ಲಿ ಇಟ್ಟ ಮರದ ತುಂಡಿಗೆ ಆ ಬೆಳಕು ಹಾಯಿಸಿದರೆ ಭಗ್ಗನೆ ಹತ್ತಿಕೊಂಡಿತು. ಆಮೇಲೆ ಕೊಲಾಬಾದ ತನ್ನ ಬಂಗಲೆಯ ಅಂಗಳದಲ್ಲಿ ಎರಡೂವರೆ ಅಶ್ವಶಕ್ತಿಯ ಉಗಿಯಂತ್ರವನ್ನು ಬರೇ ಬಿಸಿಲಿನಿಂದ ಎರಡು ವಾರ ಓಡಿಸಿ ತೋರಿಸಿದ. ಪತ್ರಿಕೆಯವರಿಗೆ ಹೇಳಿಕಳಿಸಿ, ಸೇನೆಯ ದಂಡನಾಯಕ, ನ್ಯಾಯಾಧೀಶರು, ಗಿರಣಿ ಮಾಲೀಕರು ಎಲ್ಲರನ್ನೂ ಕರೆದ. ಬಿಸಿಲಿನ ಒಲೆಯನ್ನೂ ಮಾಡಿದ್ದ. ಏಳು ಸೈನಿಕರ ಊಟ ಜನವರಿಯ ಬಿಸಿಲಲ್ಲಿ ಎರಡು ಗಂಟೆಯೊಳಗೆ ಬೆಂದಿತ್ತು. ಇದನ್ನೆಲ್ಲ 'ಸೋಲಾರ್ ಹೀಟ್' ಎಂಬ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಸ್ಪೇನಿನ ಸೆವಿಲ್ ಹತ್ತಿರ 2007ರಲ್ಲಿ ಎತ್ತರದ ಗೋಪುರದ ತುದಿಗೆ ನೂರಾರು ಕನ್ನಡಿಗಳಿಂದ ಬೆಳಕು ಹಾಯಿಸಿ ವಿದ್ಯುತ್ ತಯಾರಿಸಲು ಶುರು ಮಾಡಿದರಲ್ಲ, ಅದರ ಮೂಲತತ್ವ ನಮ್ಮ ಕೊಲಾಬಾದ ಅಂಗಳದ್ದೇ.

ಹಾಗಾದರೆ ಬೊಂಬಾಯಿ ಯಾಕೆ ಅದನ್ನು ಹಿಡಿದುಕೊಳ್ಳಲಿಲ್ಲ? ನೋಡಲು ಬಂದ ಸ್ಥಳೀಯ ಇಂಜಿನಿಯರರು, ಇದು ಕಲ್ಲಿದ್ದಲಿನ ಜತೆಗೆ ಪೂರಕವಾಗಿ ನಡೆದೀತು, ಅದಕ್ಕೆ ಬದಲಿಯಾಗದು ಎಂದರು. ಗಿರಣಿಯ ಭೋಂಗಾ ಮೋಡ ನೋಡಿ ಕೂಗುವುದಿಲ್ಲವಲ್ಲ. ಹಡಗಿನಲ್ಲಿ ಕಲ್ಲಿದ್ದಲು ಬರುತ್ತಿತ್ತು. 1915ರಲ್ಲಿ ಟಾಟಾ ಅವರ ಖೋಪೋಲಿಯ ಜಲವಿದ್ಯುತ್ತು ಗಿರಣಿಗಳಿಗೆ ಬಂತು. ಅಂದರೆ ಬೊಂಬಾಯಿ ಬಿಸಿಲನ್ನು ಬಿಟ್ಟು ಸಹ್ಯಾದ್ರಿಯ ಮಳೆಯನ್ನು ನೆಚ್ಚಿಕೊಂಡಿತು. ಆಡಮ್ಸ್‌ನ ಪ್ರಯೋಗ ಮುಂದುವರಿಯಲಿಲ್ಲ. ಅವನ ಹಿಂದೆ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ, ಒಂದು ಶಾಲೆಯೂ ಇರಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅಂಗಳದಲ್ಲಿ ಹುಟ್ಟಿದ ವಿದ್ಯೆ ಅಂಗಳದಲ್ಲೇ ಉಳಿಯಿತು.

ನಮ್ಮವರ ಇಂಜಿನಿಯರಿಂಗ್ ಓದಿನ ದಾರಿಯೂ ಆಗ ಹೊರಗಿನದೇ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಪುಣೆಯ ಸೈನ್ಸ್ ಕಾಲೇಜಿಗೆ ಹೋದರು, 1884ರಲ್ಲಿ ಬೊಂಬಾಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಬೊಂಬಾಯಿ ಪ್ರಾಂತಕ್ಕೆ ಸೇರಿದ್ದವು. ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಕಾಲೇಜು ತೆರೆದದ್ದು 1947ರಲ್ಲಿ. ಅದಕ್ಕೆ ಮುಂಚೆ ಆ ಜಿಲ್ಲೆಗಳ ಹುಡುಗನಿಗೆ ಇಂಜಿನಿಯರ್ ಆಗಬೇಕೆಂದರೆ ಪುಣೆ, ಇಲ್ಲವೇ ಬೊಂಬಾಯಿಯ ವಿ.ಜೆ.ಟಿ.ಐ. 1887ರಲ್ಲಿ ಶುರುವಾದ ಆ ಸಂಸ್ಥೆ 1923ರಲ್ಲಿ ಮಾಟುಂಗಾಕ್ಕೆ ಬಂತು. ಮೈಸೂರು ಅಸೋಸಿಯೇಶನ್ನಿನ ನಾಟಕ ನೋಡಲು ಹೋಗುವವರು ಇಂದಿಗೂ ಅದೇ ಮಾಟುಂಗಾ ಸ್ಟೇಷನ್ನಿನಲ್ಲೇ ಇಳಿಯುತ್ತಾರೆ.

ಆ ವಿ.ಜೆ.ಟಿ.ಐ.ಯಲ್ಲಿ 1943ರಿಂದ ವಿದ್ಯುತ್ ಇಂಜಿನಿಯರಿಂಗ್ ಪ್ರೊಫೆಸರರಾಗಿದ್ದವರು ಪಿ.ಕೆ. ಕೇಳ್ಕರ್. ಹುಟ್ಟಿದ್ದು 1909ರಲ್ಲಿ, ನಮ್ಮ ಧಾರವಾಡದಲ್ಲಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಲಿವರ್‌ಪೂಲಿನಲ್ಲಿ ಪಿಎಚ್.ಡಿ. ಮಾಡಿದವರು. ಮುಂಬಯಿಯ ಐಐಟಿಗೆ ನಕ್ಷೆ ಹಾಕುವ ಕೆಲಸ 1956ರಲ್ಲಿ ಅವರ ಹೆಗಲಿಗೆ ಬಂತು. ಸೋವಿಯತ್ ರಷ್ಯದ ಯಂತ್ರಗಳು, ಯುನೆಸ್ಕೋದ ನೆರವು. 1958ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಕೂತದ್ದು ವರ್ಲಿಯ ಸಸ್ಮಿರಾ ಕಟ್ಟಡದಲ್ಲಿ. 1959ರ ಮಾರ್ಚ್ 10ರಂದು ನೆಹರೂ ಪೊವಾಯಿಯಲ್ಲಿ ಅಡಿಗಲ್ಲು ಹಾಕಿದರು. ಕೇಳ್ಕರ್ ಕಾನ್ಪುರದ ಐಐಟಿ ಕಟ್ಟಲು ಹೋಗಿ, 1970ರಿಂದ 74ರವರೆಗೆ ಮತ್ತೆ ಇಲ್ಲಿಗೇ ನಿರ್ದೇಶಕರಾಗಿ ಬಂದರು. ಧಾರವಾಡದ ಜನ ಪೇಢಾ ಬಗ್ಗೆ, ಬೇಂದ್ರೆ ಬಗ್ಗೆ, ಗಾಯಕರ ಬಗ್ಗೆ ಹೇಳುವಷ್ಟು ಈ ಮನುಷ್ಯನ ಬಗ್ಗೆ ಹೇಳುವುದಿಲ್ಲ ಎಂಬುದು ನನ್ನದೊಂದು ಸಣ್ಣ ತಕರಾರು.

ಸೂರ್ಯನಿಗೆ ಪೊವಾಯಿಯಲ್ಲಿ ಜಾಗ ಸಿಕ್ಕಿದ್ದು ಪೆಟ್ರೋಲಿನ ದಯದಿಂದ. 1973ರಲ್ಲಿ ಅರಬ್ ದೇಶಗಳು ತೈಲಕ್ಕೆ ನಿರ್ಬಂಧ ಹಾಕಿದವು, ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟು ಏರಿತು. ಜಗತ್ತೆಲ್ಲ ಎದ್ದು ಆಕಾಶ ನೋಡಿತು. ದೆಹಲಿಯಲ್ಲಿ 1981ರಲ್ಲಿ ಇದಕ್ಕೊಂದು ಆಯೋಗ, 1982ರಲ್ಲಿ ಒಂದು ಇಲಾಖೆ, 1987ರಲ್ಲಿ ಸಾಲ ಕೊಡಲು ಐರೆಡಾ, 1992ರಲ್ಲಿ ಪೂರ್ತಿ ಮಂತ್ರಾಲಯ. ಪೊವಾಯಿಯಲ್ಲೂ 1980ರ ದಶಕದ ಮೊದಲ ವರ್ಷಗಳಲ್ಲಿ ಎನರ್ಜಿ ಸಿಸ್ಟಮ್ಸ್ ಇಂಜಿನಿಯರಿಂಗ್ ಎಂಬ ಎಂ.ಟೆಕ್. ಬಂತು. ಸ್ವಂತ ವಿಭಾಗ ಅಲ್ಲ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ವಿಭಾಗಗಳ ಮೇಷ್ಟ್ರುಗಳು ಸೇರಿ ನಡೆಸುವ ಕೂಡುಕುಟುಂಬ. ಕೂಡುಕುಟುಂಬದ ಮಗುವಿಗೆ ಅನ್ನಕ್ಕೆ ಕೊರತೆ ಇರಲಿಲ್ಲ, ಹೇಳಿಕೊಳ್ಳಲು ಸ್ವಂತ ಕೋಣೆ ಮಾತ್ರ ಇರಲಿಲ್ಲ.

ಈ ಪಾಠಕ್ಕೆ ಒಂದು ಗಟ್ಟಿ ರೂಪ ಕೊಟ್ಟವರು ಎಸ್.ಪಿ. ಸುಖಾತ್ಮೆ. ಬನಾರಸಿನಲ್ಲಿ ಓದಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಮಾಡಿ, 1965ರಲ್ಲಿ ಪೊವಾಯಿಗೆ ಬಂದವರು. ಸೂರ್ಯಶಕ್ತಿಯ ಮೇಲಿನ ಅವರ ಪಠ್ಯಪುಸ್ತಕ 1984ರಲ್ಲಿ ಬಂತು. 2008ರ ಮೂರನೇ ಆವೃತ್ತಿಯಲ್ಲಿ ಅವರ ಜತೆಗೆ ಜೆ.ಕೆ. ನಾಯಕ್ ಅವರ ಹೆಸರೂ ಇದೆ. ಹುಬ್ಬಳ್ಳಿಯ ಹುಡುಗನಿರಲಿ, ಸುರತ್ಕಲ್ಲಿನವನಿರಲಿ, ಈ ವಿಷಯ ತೆಗೆದುಕೊಂಡವನು ಈ ಪುಸ್ತಕದ ಕೈಗೆ ಸಿಗದೆ ಪಾಸಾಗುವುದು ಕಷ್ಟ.

ನಾನು ವಾಣಿಜ್ಯ ಓದಿದವನು. ಎಂ.ಕಾಂ. ಈ ಪುಸ್ತಕ ನನ್ನ ಕೈಗೆ ಬಂದದ್ದು 2012ರಲ್ಲಿ. ಇಂಡಿ ತಾಲೂಕಿನಲ್ಲಿರುವ ನಮ್ಮ ಷಡ್ಡಕರ ಮಗ ಗೇಟ್ ಪರೀಕ್ಷೆ ಪಾಸಾಗಿ ಇದೇ ಎಂ.ಟೆಕ್.ಗೆ ಬಂದಿದ್ದ. ಭಾನುವಾರ ಕಾಂಜೂರ್‌ಮಾರ್ಗಿನಲ್ಲಿ ಲೋಕಲ್ ಹಿಡಿದು ಮುಲುಂಡಿನ ನಮ್ಮ ಮನೆಗೆ ಜೋಳದ ರೊಟ್ಟಿಗಾಗಿ ಬರುತ್ತಿದ್ದ. ಅವನು ಊಟ ಮಾಡಿ ಮಲಗಿದಾಗ ನಾನು ಪುಸ್ತಕ ತೆರೆದೆ. ಕೋನಗಳು, ಕೊಸೈನುಗಳು, ನನಗೆ ಒಂದೂ ತಿಳಿಯದು. ಆದರೆ ಆರ್ಥಿಕ ವಿಶ್ಲೇಷಣೆಯ ಅಧ್ಯಾಯಕ್ಕೆ ಬಂದಾಗ ಕಣ್ಣರಳಿತು. ಸಾಲವನ್ನು ಸಮಾನ ವಾರ್ಷಿಕ ಕಂತುಗಳಲ್ಲಿ ತೀರಿಸುವ ಲೆಕ್ಕ! ಇಂದಿನ ಮೌಲ್ಯ, ಅಸಲು ವಾಪಸಾಗುವ ಅವಧಿ, ಎಲ್ಲ ನಮ್ಮ ಸಾಲ ವಿಭಾಗದ ಹಳೆಯ ಪರಿಚಿತರೇ. ಕಾರಣ ಸರಳ. ಕಲ್ಲಿದ್ದಲಿನ ಸ್ಥಾವರಕ್ಕೆ ಇಂಧನದ ಬಿಲ್ಲು ತಿಂಗಳು ತಿಂಗಳು ಬರುತ್ತದೆ. ಸೂರ್ಯ ಬಿಲ್ಲು ಕಳಿಸುವುದಿಲ್ಲ. ಆದರೆ ಇಪ್ಪತ್ತೈದು ವರ್ಷದ ಖರ್ಚನ್ನೆಲ್ಲ ಮೊದಲ ದಿನವೇ ಕೈಯಿಂದ ಹಾಕಬೇಕು. ಹೀಗಾಗಿ ಸೋಲಾರ್ ಎಂಬುದು ಅರ್ಧ ಭೌತಶಾಸ್ತ್ರ, ಇನ್ನರ್ಧ ಬಡ್ಡಿ. ಇದು ಊರಿನಲ್ಲಿ ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ಆ ಹುಡುಗ ಹೇಳುತ್ತಿದ್ದ ಮೊದಲ ಪಾಠ ಗಡಿಯಾರದ್ದು. ನಮ್ಮ ಕೈಗಡಿಯಾರ ತೋರಿಸುವುದು ಅಲಹಾಬಾದಿನ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಸಮಯ. ಸೂರ್ಯನಿಗೆ ಅದು ಗೊತ್ತಿಲ್ಲ. ಒಂದು ಡಿಗ್ರಿ ಪಶ್ಚಿಮಕ್ಕೆ ನಾಲ್ಕು ನಿಮಿಷದಂತೆ ಮುಂಬಯಿಯ ಸೂರ್ಯ ಸುಮಾರು 39 ನಿಮಿಷ ತಡ. ವಿಜಾಪುರದ ಸೂರ್ಯ ಸುಮಾರು 27 ನಿಮಿಷ ತಡ. ಇದನ್ನು ಕಳೆಯದೆ ಯಾವ ಲೆಕ್ಕವೂ ಶುರುವಾಗುವುದಿಲ್ಲ. ಕೇಳಿದಾಗ ನನಗೆ ಹಳೆಯ ಬಾಂಬೆ ಟೈಮಿನ ಜಗಳ ನೆನಪಾಯಿತು. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಸಮಯ ಎಂದು ಸರಕಾರ ಸಾರಿದರೂ ಬೊಂಬಾಯಿಯ ಜನ ಒಪ್ಪಲಿಲ್ಲ. ನಮ್ಮ 39 ನಿಮಿಷ ಕದಿಯಲು ನೀವು ಯಾರು ಎಂದು ಹಟ ಹಿಡಿದು, 1955ರವರೆಗೂ ತಮ್ಮ ಸಮಯವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಆ ಜಗಳಗಂಟರು ಹೋದರು, ಅವರ 39 ನಿಮಿಷ ಪೊವಾಯಿಯ ವಿದ್ಯಾರ್ಥಿಗಳ ನೋಟ್‌ಬುಕ್ಕಿನಲ್ಲಿ ಉಳಿದಿದೆ.

ಎರಡನೆಯದು ಅಳತೆ. ಎಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂಬ ಅಂಕಿ ಇಲ್ಲದೆ ಇಂಜಿನಿಯರ್ ಏನು ಮಾಡಿಯಾನು? ದೇಶದ ಬಿಸಿಲಿಗೆ ಲೆಕ್ಕದ ಪುಸ್ತಕ ಬರೆದವರು ಅಣ್ಣಾ ಮಾಣಿ. ಕೇರಳದ ಪೀರುಮೇಡಿನವರು, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ಸಂಶೋಧನೆ ಮಾಡಿದವರು. ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡುತ್ತ, ವಿಕಿರಣ ಅಳೆಯುವ ಉಪಕರಣಗಳನ್ನು ಪುಣೆಯಲ್ಲೇ ತಯಾರಿಸಿ ದೇಶದುದ್ದಕ್ಕೂ ಕೇಂದ್ರಗಳಲ್ಲಿ ಇಡಿಸಿದರು. ಅವರ ದೊಡ್ಡ ಕೈಪಿಡಿ ಬಂದದ್ದು 1980ರಲ್ಲಿ. ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಗಾಳಿ ಮತ್ತು ಬಿಸಿಲು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ ಹಾಕಿದ್ದರು. ನಮ್ಮಲ್ಲಿ ಖಾತೆಪುಸ್ತಕ ಇಲ್ಲದೆ ವ್ಯವಹಾರ ಇಲ್ಲ ಅನ್ನುವ ಹಾಗೆ, ಆ ಕೈಪಿಡಿ ಇಲ್ಲದೆ ಈ ದೇಶದಲ್ಲಿ ಸೋಲಾರ್ ಪಾಠ ಶುರುವಾಗುತ್ತಿರಲಿಲ್ಲ.

ಇನ್ನು ಪ್ರಯೋಗ. ಕಪ್ಪು ಬಳಿದ ತಗಡು, ಮೇಲೆ ಗಾಜು, ಕೆಳಗೆ ನೀರಿನ ಕೊಳವೆ. ಮಾಳಿಗೆಯ ಮೇಲೆ ಕೂತು, ಒಳಹೋಗುವ ನೀರು ಎಷ್ಟು ಬಿಸಿ, ಹೊರಬರುವ ನೀರು ಎಷ್ಟು ಬಿಸಿ ಎಂದು ಬರೆಯುತ್ತ ಹೋಗುವುದು. ಜೂನ್ ಬಂತೆಂದರೆ ಕೆಲಸ ಮುಗಿಯಿತು. ಪೊವಾಯಿ, ವಿಹಾರ ಕೆರೆಗಳ ಮೇಲಿಂದ ಬರುವ ಮೋಡ ಸೆಪ್ಟೆಂಬರ್‌ವರೆಗೆ ಸರಿಯಾಗಿ ಸರಿಯುವುದಿಲ್ಲ. ನಮ್ಮ ಹುಡುಗ ಮೊದಲ ಮಳೆಗಾಲದಲ್ಲಿ, "ದೊಡ್ಡಪ್ಪಾ, ಸೂರ್ಯನ ಮಾರಿ ನೋಡಿ ಹದಿನಾಲ್ಕು ದಿನಾತು" ಅನ್ನುತ್ತಿದ್ದ. ಇವನ ಅಜ್ಜ ಊರಿಂದ ಫೋನ್ ಮಾಡಿದಾಗಲೆಲ್ಲ ಅದೇ ಚೇಷ್ಟೆ. "ಬಿಸಲ ಕಲೀಲಾಕ ಮುಂಬೈಗಿ ಹೋಗಬೇಕೇನೋ? ನಮ್ಮ ಹೊಲದಾಗ ನಿಂತ್ರ ಸಾಲಂಗಿಲ್ಲೇನು?"

ಅಜ್ಜನ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿಲ್ಲ. ಉತ್ತರದ ಒಂದು ಪಾಲು ಹೀಗಿದೆ. ನಮ್ಮಲ್ಲಿ ಬಿಸಿಲು, ಬಿಸಿ ಎರಡೂ ಒಂದೇ ಶಬ್ದದಿಂದ ಹುಟ್ಟಿವೆ. ನೀರು ಕಾಯಿಸುವ ತಗಡಿಗೆ ಅದು ಸರಿ. ಆದರೆ ವಿದ್ಯುತ್ ಕೊಡುವ ಸಿಲಿಕಾನ್ ಫಲಕಕ್ಕೆ ಬೆಳಕು ಬೇಕು, ಬಿಸಿ ಬೇಡ. 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಫಲಕ ಒಂದೊಂದು ಡಿಗ್ರಿ ಕಾದಂತೆ ಅದರ ಉತ್ಪನ್ನ ನೂರಕ್ಕೆ ಸುಮಾರು 0.4ರಷ್ಟು ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕ 65 ಡಿಗ್ರಿ ಮುಟ್ಟಿದರೆ ನೂರು ಬರಬೇಕಾದಲ್ಲಿ 84 ಬರುತ್ತದೆ. ಅಂದರೆ ನಮ್ಮ ರಾಯಚೂರಿನ ಬಿಸಿಲು ಎಂದು ನಾವು ಕೊಚ್ಚಿಕೊಳ್ಳುವುದರಲ್ಲಿ ಒಂದು ಪಾಲು ನಷ್ಟದ ಬಾಬ್ತು. ಹೊಲದಲ್ಲಿ ನಿಂತರೆ ಇದು ತಿಳಿಯುವುದಿಲ್ಲ, ಅಳೆದರೆ ತಿಳಿಯುತ್ತದೆ.

ಪುನಃ ಪೊವಾಯಿಗೆ. ಈ ವಿದ್ಯೆಯ ಅದೃಷ್ಟ ಎಣ್ಣೆಯ ಬೆಲೆಯ ಬಾಲ ಹಿಡಿದೇ ಏರಿಳಿಯಿತು. 1986ರಲ್ಲಿ ಎಣ್ಣೆ ಅಗ್ಗವಾಯಿತು. ಸೋಲಾರ್ ಓದಿದವರು ಅನೇಕರು ಬೇರೆ ಕೆಲಸ ಹಿಡಿದರು. ಸುಖಾತ್ಮೆಯವರೇ 1995ರಿಂದ 2000ದವರೆಗೆ ಐಐಟಿಯ ನಿರ್ದೇಶಕರಾಗಿದ್ದು, ಆಮೇಲೆ 2005ರವರೆಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದರು. ಸೂರ್ಯನ ಪಾಠ ಹೇಳಿದ ಮೇಷ್ಟ್ರು ಅಣುವಿನ ಕಾವಲಿಗೆ! 2011ರಲ್ಲಿ ಅವರು ಬರೆದ ಒಂದು ಲೇಖನದ ಸಾರ, ಬರೇ ಸೂರ್ಯ, ಗಾಳಿ, ನೀರಿನಿಂದ ದೇಶದ ಮುಂದಿನ ವಿದ್ಯುತ್ ಅಗತ್ಯವೆಲ್ಲ ಪೂರೈಸದು, ಅಣುವೂ ಬೇಕು ಎಂಬುದಾಗಿತ್ತು. ಕೆಲವರು ಇದನ್ನು ಪಕ್ಷಾಂತರ ಎಂದರು. ನನಗೆ ಹಾಗನಿಸುವುದಿಲ್ಲ. ತಾನು ಕಲಿಸಿದ ವಿಷಯದ ಮಿತಿಯನ್ನು ಅಂಕಿ ಇಟ್ಟು ಹೇಳುವ ಮೇಷ್ಟ್ರು ಸಿಗುವುದು ಅಪರೂಪ.

2007ರಲ್ಲಿ ಕೂಡುಕುಟುಂಬ ಒಡೆದು ಎನರ್ಜಿಗೆ ಸ್ವಂತ ವಿಭಾಗ ಬಂತು. 2010ರ ಜನವರಿಯಲ್ಲಿ ರಾಷ್ಟ್ರೀಯ ಸೋಲಾರ್ ಮಿಶನ್. 2022ರೊಳಗೆ 20,000 ಮೆಗಾವಾಟ್ ಅಂದರು. ನಮ್ಮ ಬ್ಯಾಂಕಿನ ಕ್ಯಾಂಟೀನಿನಲ್ಲಿ ಯಾರೂ ನಂಬಲಿಲ್ಲ. ಅದೇ ವರ್ಷ ಪೊವಾಯಿಯಲ್ಲಿ ಫಲಕಗಳ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಎನ್‌ಸಿಪಿಆರ್‌ಇ ಎಂಬ ರಾಷ್ಟ್ರೀಯ ಕೇಂದ್ರ ತೆರೆಯಿತು. ಆಮೇಲಿನ ಕತೆ ಬೆಲೆಯದು. 2010ರ ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ ಸುಮಾರು 11ರಿಂದ 13 ರೂಪಾಯಿ ಇದ್ದದ್ದು 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಬಂತು. ಚೀನಾದ ಕಾರ್ಖಾನೆಗಳು, ಅಗ್ಗದ ಸಾಲ, ಎರಡೂ ಕಾರಣ. ಏಳು ವರ್ಷದಲ್ಲಿ ಬೆಲೆ ಐದರಲ್ಲೊಂದು ಪಾಲಿಗೆ ಇಳಿದ ಇನ್ನೊಂದು ಸರಕನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ, ದೂರವಾಣಿ ಕರೆಯೊಂದನ್ನು ಬಿಟ್ಟು.

ಈ ಅವಧಿಯಲ್ಲಿ ಪೊವಾಯಿ ಮಾಡಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸದ್ದಿಲ್ಲದ ಒಂದು ಕೆಲಸ. 2013ರಿಂದ ಎನ್‌ಸಿಪಿಆರ್‌ಇಯವರು ಸರಕಾರದ ಸೋಲಾರ್ ಕೇಂದ್ರದ ಜತೆ ಸೇರಿ ದೇಶದ ಬೇರೆ ಬೇರೆ ಹವೆಯ ಪ್ರದೇಶಗಳಿಗೆ ಹೋಗಿ, ಹಾಕಿದ ಫಲಕಗಳು ಹೇಗಿವೆ ಎಂದು ಪರೀಕ್ಷಿಸಿದರು. ಬಿಸಿ ಹೆಚ್ಚಿರುವ ಕಡೆ ಫಲಕ ಬೇಗ ಮುಪ್ಪಾಗುತ್ತದೆ, ಮಾಳಿಗೆಯ ಮೇಲಿನ ಸಣ್ಣ ಘಟಕಗಳು ದೊಡ್ಡ ಸ್ಥಾವರಗಳಿಗಿಂತ ಬೇಗ ಸೊರಗುತ್ತವೆ ಎಂದು ಕಂಡುಬಂತು. ನಾವು ಬ್ಯಾಂಕಿನವರು ಇದನ್ನು ಸಾಲ ಕೊಟ್ಟ ಮೇಲಿನ ತಪಾಸಣೆ ಎನ್ನುತ್ತೇವೆ. ಉದ್ಘಾಟನೆಗೆ ಸಾವಿರ ಜನ, ತಪಾಸಣೆಗೆ ಯಾರೂ ಇಲ್ಲ ಎಂಬುದು ಎಲ್ಲ ಇಲಾಖೆಗಳ ಹಾಡು. ವಿದ್ಯಾರ್ಥಿಗಳ ಸಾಹಸವೂ ಇದೆ. 2014ರಲ್ಲಿ ಫ್ರಾನ್ಸಿನ ವರ್ಸೈಯಲ್ಲಿ ನಡೆದ ಸೋಲಾರ್ ಮನೆಗಳ ಸ್ಪರ್ಧೆಗೆ ಪೊವಾಯಿಯ ಹುಡುಗ ಹುಡುಗಿಯರು 'ಟೀಮ್ ಶೂನ್ಯ' ಎಂಬ ಹೆಸರಿನಲ್ಲಿ ಬಿಸಿಲಿನಿಂದಲೇ ನಡೆಯುವ ಪೂರ್ತಿ ಮನೆಯನ್ನು ಕಟ್ಟಿ ನಿಲ್ಲಿಸಿದರು. ಭಾರತದಿಂದ ಹೋದ ಮೊದಲ ತಂಡ ಅದು. ಅಲ್ಲಿಯ ಪ್ರಾಧ್ಯಾಪಕ ಚೇತನ್ ಸಿಂಗ್ ಸೋಲಂಕಿ ಹಳ್ಳಿಯ ಶಾಲಾ ಮಕ್ಕಳಿಗೆ ಹತ್ತು ಲಕ್ಷ ಓದುದೀಪ ತಲುಪಿಸುವ ಯೋಜನೆ ನಡೆಸಿ, 2020ರ ನವೆಂಬರಿನಲ್ಲಿ ಸೋಲಾರ್ ಬಸ್ಸೊಂದರಲ್ಲಿ ದೇಶ ಸುತ್ತಲು ಹೊರಟರು.

ಊರಿಗೂ ಈ ಓದಿಗೂ ಸೇತುವೆ ಹಾಕಿದ ನಮ್ಮವರ ಮಾತು ಬಂದರೆ ಹರೀಶ್ ಹಂದೆಯವರ ಹೆಸರು ಹೇಳಲೇಬೇಕು. ಅವರು ಮುಂಬಯಿಯವರಲ್ಲ, ಆದರೆ ಹೊರಗೆ ಬೆಳೆದ ಕನ್ನಡಿಗರೇ. ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ, ಎನರ್ಜಿ ಇಂಜಿನಿಯರಿಂಗ್ ಓದಿದ್ದು ಖರಗಪುರದ ಐಐಟಿಯಲ್ಲಿ, ಡಾಕ್ಟರೇಟ್ ಅಮೆರಿಕದ ಲೋವೆಲ್‌ನಲ್ಲಿ. ಡೊಮಿನಿಕನ್ ಗಣರಾಜ್ಯದ ಬಡವರ ಮನೆಗಳಲ್ಲಿ ಸೋಲಾರ್ ದೀಪ ಕಂಡು ದಾರಿ ಬದಲಿಸಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜತೆ ಸೆಲ್ಕೋ ಶುರು ಮಾಡಿ ಕರಾವಳಿ, ಮಲೆನಾಡಿನ ಮನೆಗಳಿಗೆ ದೀಪ ಹಚ್ಚಿದರು. 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ದಿನದ ದುಡಿಮೆಯವನು ತಿಂಗಳಿಗೆ ಮುನ್ನೂರು ಕೊಡಲಾರ, ದಿನಕ್ಕೆ ಹತ್ತು ಕೊಡಬಲ್ಲ ಎಂಬುದನ್ನು ಅರಿತು ಕಂತು ಕಟ್ಟಿದ್ದೇ ಅವರ ಹೆಚ್ಚುಗಾರಿಕೆ. ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥವು ಮೊದಲು ಧೈರ್ಯ ಮಾಡಿದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿ ಇಳಿಸಿ ಸಾಲ ಕೊಡಿಸಿದಾಗ ಕೆಲವೇ ವರ್ಷದಲ್ಲಿ 18,000ಕ್ಕೂ ಹೆಚ್ಚು ಮನೆಗಳಿಗೆ ದೀಪ ಬಂತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು, ಆ ದೀಪಗಳ ಕಾಗದಪತ್ರ ಯಾವ ಕಪಾಟಿನಲ್ಲಿದೆಯೋ.

ಮುಂಬಯಿಯಲ್ಲಿ ಕಲಿತದ್ದನ್ನು ಮುಂಬಯಿಯಲ್ಲಿ ಬಳಸುವುದು ಬೇರೆಯದೇ ಕಷ್ಟ. ಬೆಂಗಳೂರಿನಲ್ಲಿ ಮಾಳಿಗೆಯ ಮೇಲೆ ಸೋಲಾರ್ ಬಿಸಿನೀರಿನ ತೊಟ್ಟಿ ಕಾಣದ ಬೀದಿ ಇಲ್ಲ, ಯಾಕೆಂದರೆ ಅಲ್ಲಿ ಮನೆಗೊಂದು ಮಾಳಿಗೆ. ಇಲ್ಲಿ ನಲವತ್ತು ಮನೆಗೆ ಒಂದು ಮಾಳಿಗೆ, ಅದೂ ಸೊಸೈಟಿಯದು. ನಾನಿರುವ ಸೊಸೈಟಿಯಲ್ಲಿ ಮೆಟ್ಟಿಲು ದೀಪ ಮತ್ತು ಪಂಪಿಗೆ ಫಲಕ ಹಾಕುವ ವಿಷಯ ಮೂರು ವಾರ್ಷಿಕ ಸಭೆ ತಿಂದಿತು. ಒಬ್ಬರಿಗೆ ಹಪ್ಪಳ ಒಣಗಿಸುವ ಜಾಗದ ಚಿಂತೆ, ಇನ್ನೊಬ್ಬರಿಗೆ ಸೋರುವ ಚಿಂತೆ. ಎಲ್ಲ ಒಪ್ಪುವಷ್ಟರಲ್ಲಿ ಪಕ್ಕದಲ್ಲಿ ಇಪ್ಪತ್ತೆರಡು ಮಹಡಿಯ ಕಟ್ಟಡ ಎದ್ದು ಮಧ್ಯಾಹ್ನ ಎರಡರ ನಂತರ ನಮ್ಮ ಮಾಳಿಗೆಗೆ ನೆರಳು. ಈ ಊರಿನಲ್ಲಿ ಬಿಸಿಲು ಕೂಡ ಬಿಲ್ಡರನ ಕೈಯಲ್ಲಿದೆ.

ಹೀಗಾಗಿ ಇಲ್ಲಿ ಕಲಿತವರು ಇಲ್ಲೇ ಕೂತು ದೂರದ ನೆಲಕ್ಕೆ ನಕ್ಷೆ ಬರೆಯುತ್ತಾರೆ. ನಮ್ಮ ಹುಡುಗ 2014ರಲ್ಲಿ ಪದವಿ ಮುಗಿಸಿ ಅಂಧೇರಿಯ ಒಂದು ಕಂಪನಿ ಸೇರಿದ. ಏಸಿ ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಫಲಕಗಳ ಸಾಲು ಜೋಡಿಸುವುದು, ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ. ಅವನು ಜೋಡಿಸಿದ ಸಾಲುಗಳಲ್ಲಿ ಕೆಲವು ತುಮಕೂರು ಜಿಲ್ಲೆಯ ಪಾವಗಡದವು.

ಪಾವಗಡ ಊರಿನ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ಮಳೆ ಕೈಕೊಟ್ಟು ಕೈಕೊಟ್ಟು ಜನ ಗುಳೆ ಹೋಗುತ್ತಿದ್ದ ತಾಲೂಕು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು. 2018ರ ಮಾರ್ಚ್ 1ರಂದು ಉದ್ಘಾಟನೆ, 2019ರ ಕೊನೆಗೆ ಪೂರ್ಣ. 2018ರಲ್ಲಿ ಸೋಲಾರಿನಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು, ಆಮೇಲೆ ರಾಜಸ್ಥಾನ, ಗುಜರಾತ್ ಮುಂದೆ ಹೋದವು. ಇಲ್ಲಿ ಸರಕಾರ ಜಮೀನು ಕಿತ್ತುಕೊಳ್ಳದೆ ಗುತ್ತಿಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ, ಗುತ್ತಿಗೆಯ ಅವಧಿ ಹೆಚ್ಚೂಕಡಿಮೆ ಒಂದು ತಲೆಮಾರು. ಬೇರೆಡೆಯ ಭೂಸ್ವಾಧೀನಗಳ ಪಕ್ಕ ಇಟ್ಟರೆ ಇದು ಒಳ್ಳೆಯ ಪದ್ಧತಿಯೇ. ಬಂಜರು ಬಿದ್ದ ಹೊಲಕ್ಕೆ ಕೂತಲ್ಲಿ ಬಾಡಿಗೆ. ಆದರೆ ಹೊಲವೇ ಇಲ್ಲದೆ ಕೂಲಿಯಿಂದ ಬದುಕುತ್ತಿದ್ದವನಿಗೆ ಗುತ್ತಿಗೆಯ ಹಣ ಬರುವುದಿಲ್ಲ. ಊರಿನವರಿಗೆ ಸಿಕ್ಕ ಕೆಲಸವೂ ಹೆಚ್ಚಾಗಿ ಕಾವಲು, ಫಲಕ ಒರೆಸುವುದು, ಹುಲ್ಲು ಕೊಯ್ಯುವುದು ಇಂಥದ್ದೇ ಎಂದು ಹೋಗಿ ನೋಡಿದವರು ಬರೆದಿದ್ದಾರೆ. ನಕ್ಷೆ ಬರೆಯುವ ಕೆಲಸ ಅಂಧೇರಿಯಲ್ಲಿದೆ, ಗುರುಗ್ರಾಮದಲ್ಲಿದೆ. ಈ ಓದು ಮಾಡಿದ ತಿರುಮಣಿಯ ಹುಡುಗಿಯೊಬ್ಬಳು ಆ ಪಾರ್ಕಿನ ಕಂಟ್ರೋಲ್ ರೂಮಿನಲ್ಲಿ ಕೂರುವ ತನಕ ಅಜ್ಜನ ಪ್ರಶ್ನೆಯ ಇನ್ನರ್ಧಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಳೆದ ದೀಪಾವಳಿಗೆ ಹುಡುಗ ಮನೆಗೆ ಬಂದಾಗ ಈ ಗುತ್ತಿಗೆಯ ಮಾತು ಬಂತು. ರೈತರಿಗೆ ಇದು ಲಾಭವೋ ನಷ್ಟವೋ ಎಂದು ಕೇಳಿದ. ಪೆನ್ಸಿಲ್ ತಗೊಂಡು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಎರಡು ವರ್ಷಕ್ಕೆ 5 ಅಂದರೆ ವರ್ಷಕ್ಕೆ ಎರಡೂವರೆ. ಇಪ್ಪತ್ತನಾಲ್ಕು ವರ್ಷದಲ್ಲಿ ಹನ್ನೆರಡು ಏರಿಕೆಯಾಗಿ 21,000 ಹೋಗಿ ಸುಮಾರು 37,700 ಆಗುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತವೆ ಎಂದಿಟ್ಟುಕೊಂಡರೆ ಅಷ್ಟರಲ್ಲಿ ಇಂದಿನ ನೂರು ರೂಪಾಯಿಯ ಸಾಮಾನಿಗೆ 320 ಕೊಡಬೇಕು. ಅಂದರೆ ಆ 37,700ರ ಬೆಲೆ ಮೊದಲ ವರ್ಷದ ಲೆಕ್ಕದಲ್ಲಿ ಸುಮಾರು 11,700. ಬಾಡಿಗೆ ಹೆಚ್ಚುತ್ತ ಹೋದಂತೆ ಕಾಣುತ್ತದೆ, ನಿಜದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಫಲಕವೂ ಮುಪ್ಪಾಗುತ್ತದೆ ನಿಜ, ಆದರೆ ಇಷ್ಟು ಬೇಗ ಅಲ್ಲ. ಹುಡುಗ ಬಹಳ ಹೊತ್ತು ಹಾಳೆ ನೋಡಿದ. ಆಮೇಲೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಸಂಕ್ರಾಂತಿ ಕಳೆದ ಮೇಲೆ ಕಂಪನಿ ಕೆಲಸದ ಮೇಲೆ ಹದಿನೈದು ದಿನ ತಿರುಮಣಿಯಲ್ಲಿ ಇರುತ್ತಾನಂತೆ.